ವರ್ಕ್‌ಶಾಪ್ ಇಟ್ಟರೆ ಜನ ಬದಲಾಗ್ತಾರಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ದೊಡ್ಡಬಳ್ಳಾಪುರದ ಹತ್ತಿರ ಒಂದು ಗಾರ್ಮೆಂಟ್ಸ್ ಯೂನಿಟ್‌ನಲ್ಲಿ ಎಚ್.ಆರ್. ಆಫೀಸರ್. ನಾಲ್ಕು ತಿಂಗಳ ಹಿಂದೆ ನಮ್ಮ ಎರಡು ಲೈನ್‌ಗಳಲ್ಲಿ (ಮೆಷಿನ್ ಸಾಲುಗಳಲ್ಲಿ) ಪೀಸ್‌ಗಳನ್ನು ಕಟ್ಟು ಕಟ್ಟಿ ದಾಟಿಸುವ ಬಂಡಲ್ ಪದ್ಧತಿ ತೆಗೆದು, ಒಂದೊಂದು ಪೀಸೂ ಮೇಲಿನ ಹಳಿಯಲ್ಲಿ ನೇತಾಡುತ್ತಾ ಮೆಷಿನ್‌ನಿಂದ ಮೆಷಿನ್‌ಗೆ ಸಾಗುವ ಓವರ್‌ಹೆಡ್ ಹ್ಯಾಂಗರ್ ಸಿಸ್ಟಂ ಹಾಕಿದರು. ಪ್ರೊಡಕ್ಷನ್ ಜಾಸ್ತಿ ಆಗಬೇಕಿತ್ತು, ಕಡಿಮೆ ಆಗಿದೆ. ಟೇಲರ್‌ಗಳು ಹ್ಯಾಂಗರ್‌ನಿಂದ ಪೀಸ್ ಬಿಚ್ಚಿ, ಹಳೇ ಥರ ಕಟ್ಟು ಕಟ್ಟಿ, ಪಕ್ಕದವರಿಗೆ ಕೈಯಲ್ಲೇ ದಾಟಿಸುತ್ತಾರೆ. ಕೆಲವರು ಕೆಲಸವನ್ನೇ ಬಿಟ್ಟರು. 'ಒಂದು ವರ್ಕ್‌ಶಾಪ್ ಇಟ್ಟು ಎಲ್ಲರ ಮೈಂಡ್‌ಸೆಟ್ ಬದಲಾಯಿಸಿ' ಅಂತ ಎಂ.ಡಿ. ಹೇಳಿದ್ದಾರೆ. ಹೋದ ವರ್ಷ ರೆಸಾರ್ಟ್‌ನಲ್ಲಿ ಒಂದು ಮಾಡಿದ್ದೆವು. ಬಣ್ಣದ ಚೀಟಿ, ಗ್ರೂಪ್ ಫೋಟೊ, ಊಟ ಎಲ್ಲ ಚೆನ್ನಾಗಿತ್ತು. ಆಮೇಲೆ ಏನೂ ಆಗಲಿಲ್ಲ. ಈ ಸಲ ಹೇಗೆ ಮಾಡಬೇಕು? ನಿಜವಾಗಿಯೂ ಇದರಿಂದ ಉಪಯೋಗ ಇದೆಯಾ?

ಉತ್ತರ: ಉಪಯೋಗ ಖಂಡಿತ ಇದೆ. ಆದರೆ ಮೈಂಡ್‌ಸೆಟ್ ಬದಲಾಯಿಸುವುದಕ್ಕೆ ಅಲ್ಲ. ಆ ಕೆಲಸಕ್ಕೆ ಅಂತ ವರ್ಕ್‌ಶಾಪ್ ಇಟ್ಟರೆ ಈ ಸಲವೂ ಗ್ರೂಪ್ ಫೋಟೊ ಮಾತ್ರ ಉಳಿಯುತ್ತದೆ.

ನಿಮ್ಮ ಪತ್ರದ ಒಂದು ಸಾಲಿಗೆ ನಾನು ಅಂಟಿಕೊಂಡು ಕೂತೆ. ಟೇಲರ್‌ಗಳು ಹ್ಯಾಂಗರ್‌ನಿಂದ ಪೀಸ್ ಬಿಚ್ಚಿ ಕಟ್ಟು ಕಟ್ಟುತ್ತಾರೆ ಅಂದಿರಲ್ಲ, ಅದು. ಸ್ವಲ್ಪ ಯೋಚನೆ ಮಾಡಿ. ಬಿಚ್ಚುವುದು, ಜೋಡಿಸುವುದು, ಕಟ್ಟುವುದು ಎಲ್ಲ ಹೆಚ್ಚಿನ ಕೆಲಸ. ಅದಕ್ಕೆ ಯಾರೂ ಕಾಸು ಕೊಡಲ್ಲ. ಸೂಪರ್‌ವೈಸರ್ ನೋಡಿದರೆ ಬೈಗುಳ ಬೇರೆ. ಆದರೂ ಮಾಡುತ್ತಾರೆ ಅಂದರೆ, ಆ ಕಟ್ಟಿನಲ್ಲಿ ಅವರಿಗೆ ಬೇಕಾದದ್ದು ಏನೋ ಇದೆ. ಅದು ಏನು ಅಂತ ನಿಮ್ಮಲ್ಲಿ ಯಾರಾದರೂ ಕೇಳಿದ್ದಾರಾ?

ಇಂಥದ್ದೇ ಒಂದು ಲೈನ್‌ನಲ್ಲಿ ನಾನು ಎರಡು ದಿನ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಕಾಲರ್ ಕೂರಿಸುವ ಒಬ್ಬ ಅಕ್ಕ ಮೊದಲ ದಿನ ಮಾತೇ ಆಡಲಿಲ್ಲ. ಎರಡನೇ ದಿನ ಮಧ್ಯಾಹ್ನ, ತಲೆ ಎತ್ತದೆ, ಹೊಲಿಯುತ್ತಲೇ ಹೇಳಿದರು: "ಮುಂಚೆ ಪಕ್ಕದಲ್ಲಿ ಎರಡು ಬಂಡಲ್ ಇರೋದು ಮೇಡಂ. ಒಂದು ಗಂಟೆ ಜೋರಾಗಿ ಹೊಲಿದು ಮುಗಿಸಿಟ್ಟರೆ ಐದು ನಿಮಿಷ ಬಾತ್‌ರೂಮಿಗೆ ಹೋಗಿ ಬರಬಹುದಿತ್ತು. ಈಗ ನಾನು ಎದ್ದರೆ ಹ್ಯಾಂಗರ್ ಸಾಲುಗಟ್ಟಿ ನಿಲ್ಲುತ್ತೆ. ಇಡೀ ಲೈನ್ ನೋಡುತ್ತೆ." ಅಷ್ಟೇ. ಇಂಜಿನಿಯರ್ ಕಣ್ಣಿಗೆ ಬಂಡಲ್ ಅಂದರೆ ದಾರಿ ಮಧ್ಯೆ ಸುಮ್ನೆ ಬಿದ್ದಿರುವ ಮಾಲು. ಆ ಅಕ್ಕನಿಗೆ ಅದು ಐದು ನಿಮಿಷದ ಬಿಡುವು. ಹ್ಯಾಂಗರ್ ಬಂದ ದಿನ ಆ ಬಿಡುವು ಹೋಯಿತು. ಇದು ಕಂಪನಿಯ ಯಾವ ಪ್ರೆಸೆಂಟೇಷನ್‌ನಲ್ಲೂ ಇರಲಿಲ್ಲ.

ನಿಮ್ಮಲ್ಲೂ ಇದೇ ಕಾರಣ ಅಂತ ನಾನು ಹೇಳಲ್ಲ. ಬೇರೆ ಇರಬಹುದು. ಅದನ್ನು ಹುಡುಕಿ, ಅದಕ್ಕೆ ಏನು ಮಾಡುತ್ತೇವೆ ಅಂತ ಗೊತ್ತು ಮಾಡುವುದಕ್ಕೆ ವರ್ಕ್‌ಶಾಪ್ ಬೇಕು. ಅಂದರೆ ಅಲ್ಲಿ ಬದಲಾಗಬೇಕಾದದ್ದು ಹೆಚ್ಚಾಗಿ ಕಂಪನಿಯ ಪ್ಲ್ಯಾನ್. ಇದನ್ನು ನಿಮ್ಮ ಎಂ.ಡಿ.ಗೆ ಹೇಗೆ ಹೇಳುವುದು ಅನ್ನುವುದು ನಿಮ್ಮ ತಲೆನೋವು, ನನಗೆ ಗೊತ್ತು. ಅದಕ್ಕೆ ಒಂದು ಹಳೇ ಕಥೆ ಕೊಡುತ್ತೇನೆ, ಅವರಿಗೆ ಹೇಳಿ. ಅದೂ ಗಾರ್ಮೆಂಟ್ಸ್ ಕಥೆಯೇ.

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಮೇರಿಯನ್ ಅಂತ ಒಂದು ಊರು. ಅಲ್ಲಿ ಹಾರ್ವುಡ್ ಅನ್ನುವ ಕಂಪನಿಯ ಪೈಜಾಮ ಹೊಲಿಯುವ ಫ್ಯಾಕ್ಟರಿ ಇತ್ತು. ಸುಮಾರು 500 ಹೆಂಗಸರು, 100 ಗಂಡಸರು. ಪೀಸ್ ರೇಟ್ ಲೆಕ್ಕದ ಕೂಲಿ. ಕೆಲಸದ ರೀತಿ ಸ್ವಲ್ಪ ಬದಲಾದರೂ ಸಾಕು, ಉತ್ಪಾದನೆ ಬೀಳೋದು, ಜನ ಬಿಟ್ಟು ಹೋಗೋದು. ಕೋಚ್ ಮತ್ತು ಫ್ರೆಂಚ್ ಎಂಬ ಇಬ್ಬರು ಅಲ್ಲಿ ಒಂದು ಪ್ರಯೋಗ ಮಾಡಿ, 1948ರಲ್ಲಿ ಅದರ ವರದಿ ಪ್ರಕಟಿಸಿದರು.

ಒಂದು ಗುಂಪಿನಲ್ಲಿ 18 ಜನ ಇಸ್ತ್ರಿಯವರು. ಅವರಿಗೆ ಆದ ಬದಲಾವಣೆ ಎಷ್ಟು ಸಣ್ಣದು ಗೊತ್ತಾ? ಮೊದಲು ಅರ್ಧ ಡಜನ್ ಬಟ್ಟೆಯನ್ನು ಚಪ್ಪಟೆ ರಟ್ಟಿನ ಮೇಲೆ ಜೋಡಿಸುತ್ತಿದ್ದರು. ಇನ್ನು ಮೇಲೆ ಅದೇ ಅಳತೆಯ ಡಬ್ಬಿಯಲ್ಲಿ ಜೋಡಿಸಬೇಕು. ಅಷ್ಟೇ. ಮೀಟಿಂಗ್ ಕರೆದರು. ಮಾರುಕಟ್ಟೆಯಲ್ಲಿ ಪೈಪೋಟಿ ಇದೆ, ಅದಕ್ಕೇ ಈ ಬದಲಾವಣೆ ಅಂದರು. ಹೊಸ ರೇಟ್ ತಿಳಿಸಿದರು. ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಕಳಿಸಿದರು. ಮರ್ಯಾದೆಯಾಗಿಯೇ ಮಾಡಿದ್ದಾರೆ, ಅಲ್ವಾ? ನಮ್ಮಲ್ಲಿ ಎಷ್ಟೋ ಕಡೆ ಇಷ್ಟೂ ಮಾಡಲ್ಲ. ಆದರೆ ಉತ್ಪಾದನೆ ಬಿದ್ದದ್ದು ಮೇಲೇಳಲೇ ಇಲ್ಲ. ಜಗಳ, ದೂರು ಶುರುವಾಯಿತು. 40 ದಿನದೊಳಗೆ ಶೇ 17ರಷ್ಟು ಜನ ಕೆಲಸ ಬಿಟ್ಟರು.

ಇನ್ನೊಂದು ಗುಂಪಿಗೆ ಭಾಷಣ ಮಾಡಲಿಲ್ಲ. ಎರಡು ಉಡುಪು ತಂದು ಮುಂದಿಟ್ಟರು. ಒಂದು 1946ರದ್ದು, ಇನ್ನೊಂದು 1947ರದ್ದು. ನೋಡಲು ಒಂದೇ ಥರ. ಒಂದರ ಮಾರಾಟದ ಬೆಲೆ ಇನ್ನೊಂದರ ಎರಡರಷ್ಟು. ಯಾವುದು ಅಗ್ಗದ್ದು ಹೇಳಿ ಅಂದರು. ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿದರೂ ಯಾರಿಗೂ ಗೊತ್ತಾಗಲಿಲ್ಲ. ಖರ್ಚು ಯಾಕೆ ಕಡಿಮೆ ಮಾಡಬೇಕು ಅನ್ನುವುದು ಅಲ್ಲಿಗೆ ಅರ್ಥವಾಯಿತು. ಈ ಗುಂಪಿನಿಂದ ಕೆಲವು ಪ್ರತಿನಿಧಿಗಳನ್ನು ಆರಿಸಿ, ಹೊಸ ರೀತಿಯ ಕೆಲಸವನ್ನು ಅವರ ಜೊತೆ ಸೇರಿ ರೂಪಿಸಿದರು.

ಮತ್ತೆ ಎರಡು ಸಣ್ಣ ಗುಂಪುಗಳಿದ್ದವು, ಒಂದರಲ್ಲಿ 8, ಇನ್ನೊಂದರಲ್ಲಿ 7 ಜನ ಚೆಕಿಂಗ್‌ನವರು. ಇಲ್ಲಿ ಪ್ರತಿನಿಧಿ ಗಿತಿನಿಧಿ ಇಲ್ಲ, ಎಲ್ಲರೂ ಕೂತು ಯೋಚನೆ ಮಾಡಿದರು. ಸಲಹೆಗಳು ಎಷ್ಟು ಬಂದವೆಂದರೆ ಬರೆದುಕೊಳ್ಳಲು ಕೂತಿದ್ದವರಿಗೆ ಕೈ ಸಾಕಾಗಲಿಲ್ಲವಂತೆ. ಈ ಗುಂಪುಗಳ ಉತ್ಪಾದನೆ ಬೇಗ ಚೇತರಿಸಿಕೊಂಡು, ಬದಲಾವಣೆಗೆ ಮುಂಚೆ ಇದ್ದದ್ದಕ್ಕಿಂತ ಶೇ 14ರಷ್ಟು ಮೇಲೆ ಹೋಯಿತು. ಆ 40 ದಿನಗಳಲ್ಲಿ ಒಬ್ಬರೂ ಕೆಲಸ ಬಿಡಲಿಲ್ಲ.

ನನಗೆ ಇಷ್ಟವಾದ ಭಾಗ ಇನ್ನು ಮುಂದೆ ಇದೆ. ಇಸ್ತ್ರಿಯ ಗುಂಪಿನಲ್ಲಿ ಕೊನೆಗೆ ಉಳಿದದ್ದು 13 ಜನ. ಎರಡೂವರೆ ತಿಂಗಳಾದ ಮೇಲೆ ಅದೇ 13 ಜನರನ್ನು ಮತ್ತೆ ಸೇರಿಸಿದರು. ಬೇರೆ ಹೊಸ ಕೆಲಸ, ಆದರೆ ಈ ಸಲ ಅವರನ್ನೂ ಕೂರಿಸಿಕೊಂಡು ಪ್ಲ್ಯಾನ್ ಮಾಡಿದರು. ಚೆಕಿಂಗ್‌ನವರ ಹಾಗೆಯೇ ಇವರೂ ಬೇಗ ಮೇಲೆದ್ದರು. ಅದೇ ಹೆಂಗಸರು, ಅದೇ ಊರು, ಅದೇ ಮೈಂಡ್‌ಸೆಟ್. 'ನಮ್ಮ ಜನರೇ ಸರಿ ಇಲ್ಲ' ಅನ್ನುವ ಮ್ಯಾನೇಜರ್‌ಗಳಿಗೆ ನಾನು ಹೇಳುವುದು ಈ 13 ಜನರ ಕಥೆ.

ಈ ಪ್ರಯೋಗವನ್ನು ದೇವರ ವಾಕ್ಯ ಅಂತ ತಿಳಿಯಬೇಡಿ. ಗುಂಪುಗಳು ತೀರಾ ಸಣ್ಣವು. ಇದೇ ಥರದ್ದನ್ನು ನಾರ್ವೆಯ ಒಂದು ಚಪ್ಪಲಿ ಫ್ಯಾಕ್ಟರಿಯಲ್ಲಿ ಮಾಡಿ 1960ರಲ್ಲಿ ವರದಿ ಬಂತು. ಅಲ್ಲಿ ಉತ್ಪಾದನೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಕಾರಣ ನೋಡಿದರೆ, ಕೆಲಸಗಾರರ ಕೈಗೆ ಕೊಟ್ಟಿದ್ದ ತೀರ್ಮಾನಗಳು ಅಂಥ ಮುಖ್ಯವಾದವೇ ಆಗಿರಲಿಲ್ಲ. ಮದುವೆ ಮನೆಯಲ್ಲಿ ಹುಡುಗಿಯನ್ನು ಬಿಟ್ಟು ಎಲ್ಲರನ್ನೂ ಕೇಳಿ, ಕೊನೆಗೆ ಹುಡುಗಿಗೆ 'ಸೀರೆ ಬಾರ್ಡರ್ ಯಾವ ಬಣ್ಣ ಬೇಕಮ್ಮಾ' ಅಂತ ಕೇಳಿದ ಹಾಗೆ. ನಿಮ್ಮ ರೆಸಾರ್ಟ್ ವರ್ಕ್‌ಶಾಪ್ ಯಾಕೆ ಬಿದ್ದುಹೋಯಿತು ಅನ್ನುವುದಕ್ಕೂ ಉತ್ತರ ಬಹುಶಃ ಇಲ್ಲೇ ಸಿಗುತ್ತದೆ.

ಕೇಳದೇ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕಕ್ಕೇ ಹೋಗಬೇಕಿಲ್ಲ. 2016ರ ಏಪ್ರಿಲ್ ನಿಮಗೆ ನೆನಪಿರಬೇಕು. ಪಿ.ಎಫ್.ನಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಅಂತ ಫೆಬ್ರುವರಿಯಲ್ಲಿ ನಿಯಮ ಬಂದಿತ್ತು. ಏಪ್ರಿಲ್ 18, 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ರಸ್ತೆಗಿಳಿದರು. ಹೊಸೂರು ರಸ್ತೆ, ತುಮಕೂರು ರಸ್ತೆ ನಿಂತುಹೋದವು. 19ರಂದೇ ಕೇಂದ್ರ ಸರ್ಕಾರ ನಿಯಮ ಹಿಂದಕ್ಕೆ ಪಡೆಯಿತು. ನಿಯಮ ಬರೆದವರು ಮುಪ್ಪಿನ ಕಾಲದ ಉಳಿತಾಯದ ಲೆಕ್ಕ ಹಾಕಿದ್ದರು. ಕೆಲಸ ಬಿಟ್ಟಾಗ ಕೈಗೆ ಬರುವ ಆ ಹಣದಲ್ಲೇ ಮಗಳ ಮದುವೆ, ಮನೆಯ ಲೀಸ್ ಆಗಬೇಕು ಅನ್ನುವುದು ಹೊಲಿಯುವವರ ಲೆಕ್ಕ. ಎರಡು ಲೆಕ್ಕವೂ ಒಂದೇ ಮೇಜಿನ ಮೇಲೆ ಬರಲೇ ಇಲ್ಲ.

ಈಗ ನಿಮ್ಮ ಕೆಲಸಕ್ಕೆ ಬರೋಣ.

ಮೊದಲು ಎಂ.ಡಿ. ಜೊತೆ ಒಂದು ಗಂಟೆ ಕೂರಿ. ಒಂದು ಹಾಳೆ, ಮಧ್ಯೆ ಒಂದು ಗೆರೆ. ಎಡಗಡೆ: ಇದು ಆಗಿಹೋಗಿದೆ, ಇನ್ನು ಬದಲಾಗಲ್ಲ. ಬಲಗಡೆ: ಇದನ್ನು ಈ ವರ್ಕ್‌ಶಾಪ್‌ನಲ್ಲಿ ತೀರ್ಮಾನ ಮಾಡಬಹುದು. ಹ್ಯಾಂಗರ್‌ಗೆ ಅಷ್ಟು ದುಡ್ಡು ಹಾಕಿದ್ದಾರೆ, ತೆಗೆಯಲ್ಲ ಅಂತಿದ್ದರೆ ಎಡಗಡೆ ಬರೆಯಲಿ. ಅದನ್ನು ಮೊದಲ ದಿನವೇ, ಮೊದಲ ಹತ್ತು ನಿಮಿಷದಲ್ಲೇ ಜನರಿಗೆ ಹೇಳಲಿ. ಜನ ಬೇಜಾರು ಮಾಡಿಕೊಳ್ಳುತ್ತಾರೆ, ಆದರೆ ಮೋಸ ಹೋದೆವು ಅನ್ನಲ್ಲ. ಬಲಗಡೆ ಏನು ಬರಬಹುದು? ಮೊದಲ ಆರು ವಾರ ಟಾರ್ಗೆಟ್ ಎಷ್ಟು. ಒಂದು ಮೆಷಿನ್ ಮುಂದೆ ಎಷ್ಟು ಹ್ಯಾಂಗರ್ ನಿಂತರೆ ಪರವಾಗಿಲ್ಲ. ಪ್ರತಿಯೊಬ್ಬರ ಲೆಕ್ಕ ಸ್ಕ್ರೀನ್ ಮೇಲೆ ಎಲ್ಲರಿಗೂ ಕಾಣಬೇಕಾ, ಅವರಿಗೆ ಮಾತ್ರ ಕಾಣಬೇಕಾ. ಒಬ್ಬರು ಎದ್ದುಹೋದಾಗ ಕೂರಲು ಬದಲಿ ಟೇಲರ್ ಇರಬೇಕಾ. ಆಲ್ಟರ್ ಪೀಸ್, ಅಂದರೆ ತಪ್ಪಾಗಿ ಹೊಲಿದು ಸರಿ ಮಾಡಬೇಕಾದದ್ದು, ವಾಪಸ್ ಬಂದರೆ ಯಾರ ಲೆಕ್ಕ.

ಬಲಗಡೆ ಖಾಲಿ ಇದ್ದರೆ? ವರ್ಕ್‌ಶಾಪ್ ಮಾಡಬೇಡಿ. ತಮಾಷೆಗೆ ಹೇಳುತ್ತಿಲ್ಲ. ನಾನು ಒಮ್ಮೆ ಇದನ್ನು ಕೇಳದೇ ಹೋಗಿ ಚೆನ್ನಾಗಿ ಅನುಭವಿಸಿದ್ದೇನೆ. ಯಾವ ಕಂಪನಿ ಅನ್ನುವುದು ಬೇಡ. ಹೊಸ ಲೇಔಟ್ ಹೇಗಿರಬೇಕು ಅಂತ ಇಪ್ಪತ್ತು ಜನರ ಹತ್ತಿರ ಇಡೀ ದಿನ ಚಿತ್ರ ಬರೆಸಿದೆ. ಒಳ್ಳೊಳ್ಳೆ ಐಡಿಯಾ ಬಂದವು. ನಾನೂ ಖುಷಿಯಲ್ಲಿದ್ದೆ. ನಾಲ್ಕು ಗಂಟೆಗೆ ಮೆಂಟೆನೆನ್ಸ್‌ನವರೊಬ್ಬರು ಎದ್ದು ನಿಂತರು. "ಮೇಡಂ, ನಾಳೆ ಬೆಳಿಗ್ಗೆ ಬೋಲ್ಟ್ ಹೊಡೆಯೋಕೆ ನನಗೆ ಡ್ರಾಯಿಂಗ್ ಕೊಟ್ಟಿದ್ದಾರೆ. ಹೋದ ವಾರವೇ ಕೊಟ್ಟಿದ್ದಾರೆ. ನಾವಿಲ್ಲಿ ಏನು ಮಾಡ್ತಾ ಇದ್ದೀವಿ?" ಆ ಮೇಲೆ ಟೀ ಬಂತು. ಯಾರೂ ಕುಡಿಯಲಿಲ್ಲ. ಆ ಜನ ಮುಂದೆ ಯಾವ ವರ್ಕ್‌ಶಾಪ್‌ನಲ್ಲೂ ಬಾಯಿ ಬಿಟ್ಟಿರಲಾರರು. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಯಾರು ಬರಬೇಕು? ಹನ್ನೆರಡರಿಂದ ಹದಿನಾರು ಜನ ಸಾಕು. ಆ ಎರಡು ಲೈನ್‌ನವರೇ ಜಾಸ್ತಿ ಇರಲಿ. ಎಲ್ಲರಿಗಿಂತ ಫಾಸ್ಟ್ ಇರುವ ಟೇಲರ್, ಎಲ್ಲರಿಗಿಂತ ನಿಧಾನದವರು, ಲೈನ್‌ಗೆ ಪೀಸ್ ಹಾಕುವ (ಫೀಡಿಂಗ್ ಮಾಡುವ) ಹೆಲ್ಪರ್, ಚೆಕರ್, ಮೆಕ್ಯಾನಿಕ್, ಐ.ಇ. (ಇಂಡಸ್ಟ್ರಿಯಲ್ ಇಂಜಿನಿಯರಿಂಗ್) ಹುಡುಗ, ಒಬ್ಬ ಸೂಪರ್‌ವೈಸರ್. ತುಂಬಾ ಜಗಳ ಮಾಡುವವರನ್ನು ಬಿಡಬೇಡಿ. ಅವರೇ ಮುಖ್ಯ. ಪಟ್ಟಿಯನ್ನು ಫ್ಲೋರ್ ಇನ್‌ಚಾರ್ಜ್ ಕೈಗೆ ಕೊಟ್ಟರೆ 'ಹೂಂ ಸಾರ್' ಅನ್ನುವವರನ್ನೇ ಕಳಿಸುತ್ತಾರೆ, ಅದಕ್ಕೆ ಲೈನ್‌ನವರೇ ಹೆಸರು ಹೇಳಲಿ. ಡ್ಯೂಟಿ ಟೈಮಿನಲ್ಲೇ ಮಾಡಿ. ಆ ದಿನದ ಇನ್ಸೆಂಟಿವ್ ಕಡಿತ ಆಗಬಾರದು. ಭಾನುವಾರ ಕರೆದರೆ ಮೊದಲ ಐದು ನಿಮಿಷಕ್ಕೇ ಸೋತಿರಿ. ಶಿಪ್‌ಮೆಂಟ್ ವಾರವೂ ಬೇಡ. ರೆಸಾರ್ಟ್ ಅಂತೂ ಬೇಡವೇ ಬೇಡ. ಮೆಷಿನ್ ಸದ್ದು ಕೇಳುವಷ್ಟು ಹತ್ತಿರದ ರೂಮ್ ಒಳ್ಳೆಯದು, ಏನಾದರೂ ಅನುಮಾನ ಬಂದರೆ ಎದ್ದು ಹೋಗಿ ನೋಡಿ ಬರಬಹುದು.

ನೀವೇ ನಡೆಸಬೇಡಿ. ನಿಮ್ಮ ಮೇಲೆ ಅನುಮಾನ ಅಂತಲ್ಲ, ಆದರೆ ವಾರ್ನಿಂಗ್ ಲೆಟರ್ ಕೊಡುವ ಎಚ್.ಆರ್. ಎದುರು ಯಾರು ಮನಸ್ಸು ಬಿಚ್ಚುತ್ತಾರೆ? ಬೇರೆ ಯೂನಿಟ್‌ನ ಯಾರಾದರೂ ಒಳ್ಳೆ ಕಿವಿ ಇರುವವರು ಸಾಕು. ನನ್ನಂಥವರಿಗೆ ದುಡ್ಡು ಕೊಟ್ಟೇ ಕರೆಸಬೇಕು ಅಂತೇನೂ ಇಲ್ಲ.

ಸೂಪರ್‌ವೈಸರ್‌ಗಳ ಜೊತೆ ಹಿಂದಿನ ದಿನವೇ ಒಂದು ಗಂಟೆ ಬೇರೆಯಾಗಿ ಕೂರಿ. ಈ ಬದಲಾವಣೆಯಲ್ಲಿ ಅವರೂ ಕಳೆದುಕೊಂಡಿದ್ದಾರೆ. ಮುಂಚೆ ಬಂಡಲ್ ಯಾರಿಗೆ ಮೊದಲು ಹೋಗಬೇಕು ಅನ್ನುವುದು ಅವರ ಕೈಯಲ್ಲಿತ್ತು. ಈಗ ಅದನ್ನು ಕಂಪ್ಯೂಟರ್ ಮಾಡುತ್ತದೆ. ಮೇಲಿಂದ ಬೈಗುಳ ಮಾತ್ರ ಹಾಗೇ ಇದೆ. ಅವರ ಸಂಕಟ ಕೇಳದೇ ಟೇಲರ್‌ಗಳ ಮುಂದೆ ಕೂರಿಸಿದರೆ ಅವರು ದಿನವಿಡೀ ತಮ್ಮನ್ನು ಕಾಪಾಡಿಕೊಳ್ಳುವುದರಲ್ಲೇ ಕಳೆಯುತ್ತಾರೆ.

ಆ ದಿನ ಎಂ.ಡಿ. ಬಂದು ಎಡ, ಬಲ ಎರಡೂ ಪಟ್ಟಿ ಓದಲಿ. "ಸಂಜೆ ಮೂರೂವರೆಗೆ ಬರುತ್ತೇನೆ, ನೀವು ಏನು ಕೇಳಿದರೂ ಅಲ್ಲೇ ಉತ್ತರ ಕೊಡುತ್ತೇನೆ" ಅನ್ನಲಿ. ಹೊರಟು ಹೋಗಲಿ. ಫೋನ್ ಮಾಡಿ 'ಹೇಗೆ ನಡೀತಿದೆ' ಅಂತ ಕೇಳುವುದೂ ಬೇಡ.

ಆಮೇಲೆ ಚರ್ಚೆ ಶುರು ಮಾಡಬೇಡಿ. ಮೊದಲು ಎಲ್ಲರೂ ಒಬ್ಬೊಬ್ಬರೇ, ಮಾತಾಡದೆ, ಹತ್ತು ಹದಿನೈದು ನಿಮಿಷ ಬರೆಯಲಿ. ಒಂದು ಚೀಟಿಗೆ ಒಂದೇ ವಿಷಯ. ಇದು ನನ್ನ ಹಟ ಅಲ್ಲ. ಎಲ್ಲರೂ ಸೇರಿ ಬಾಯಿಗೆ ಬಂದದ್ದು ಹೇಳುತ್ತಾ ಹೋದರೆ ಐಡಿಯಾ ಜಾಸ್ತಿ ಬರುತ್ತವೆ ಅಂತ ಒಂದು ಕಾಲದಲ್ಲಿ ದೊಡ್ಡ ನಂಬಿಕೆ ಇತ್ತು. ಯೇಲ್ ವಿಶ್ವವಿದ್ಯಾಲಯದಲ್ಲಿ ಅದನ್ನು ಪರೀಕ್ಷೆ ಮಾಡಿದರು, 1958ರಲ್ಲಿ ಫಲಿತಾಂಶ ಬಂತು. ನಾಲ್ಕು ಜನ ಬೇರೆ ಬೇರೆ ಕೂತು ಯೋಚಿಸಿ, ಆಮೇಲೆ ಪಟ್ಟಿ ಸೇರಿಸಿದಾಗ, ಒಟ್ಟಿಗೆ ಕೂತ ನಾಲ್ವರಿಗಿಂತ ಹತ್ತಿರಹತ್ತಿರ ಎರಡರಷ್ಟು ಐಡಿಯಾ ಸಿಕ್ಕವು. ಯಾಕೆ ಅಂದರೆ ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು. ಕಾಯುತ್ತಾ ತಮ್ಮದು ಮರೆತುಹೋಗುತ್ತದೆ. ನಮ್ಮಲ್ಲಿ ಇನ್ನೂ ಒಂದು ಸೇರುತ್ತದೆ: ಸೀನಿಯರ್ ಒಬ್ಬರು 'ಮೆಷಿನ್ನೇ ಸರಿ ಇಲ್ಲ' ಅಂದರೆ ಮುಂದಿನ ಹತ್ತು ಜನವೂ ಮೆಷಿನ್ ಬಗ್ಗೆಯೇ ಹೇಳುತ್ತಾರೆ. ಮೊದಲು ಮೌನವಾಗಿ ಬರೆಯುವುದು, ಆಮೇಲೆ ಸರದಿ ಪ್ರಕಾರ ಒಂದೊಂದೇ ಓದುವುದು, ಆಮೇಲೆ ಮಾತು, ಕೊನೆಗೆ ಮತ. ಈ ಕ್ರಮಕ್ಕೆ 1970ರ ದಶಕದ ಆರಂಭದಲ್ಲೇ ಒಂದು ಪದ್ಧತಿಯ ರೂಪ ಕೊಟ್ಟರು. ಹೆಸರು ಗೊತ್ತಿರಬೇಕಾಗಿಲ್ಲ, ಕ್ರಮ ತಪ್ಪದಿದ್ದರೆ ಸಾಕು.

ಬರೆಯಲು ಬಾರದವರು ಇದ್ದರೆ? ಅಥವಾ ಒಡಿಯಾ, ಹಿಂದಿ ಮಾತ್ರ ಬರುವವರು? ನಿಮ್ಮ ಕಡೆ ಯೂನಿಟ್‌ಗಳಲ್ಲಿ ಈಗ ಇಂಥವರು ಬೇಕಾದಷ್ಟು ಇದ್ದಾರೆ. ಚಿತ್ರ ಬರೆಯಲಿ. ಇಲ್ಲವೇ ಕಿವಿಯಲ್ಲಿ ಹೇಳಲಿ, ನಡೆಸುವವರು ಬರೆದುಕೊಳ್ಳಲಿ. ಇದರಲ್ಲಿ ನಮ್ಮವರಿಗೆ ಒಳ್ಳೆ ಅನುಭವ ಇದೆ. ಬೆಂಗಳೂರಿನ ಮೈರಾಡ ಸಂಸ್ಥೆ ಮೂವತ್ತಕ್ಕೂ ಹೆಚ್ಚು ವರ್ಷದ ಹಿಂದೆಯೇ ಹಳ್ಳಿಗಳಲ್ಲಿ ಜನರಿಂದಲೇ ನೆಲದ ಮೇಲೆ ಊರಿನ ನಕ್ಷೆ ಬರೆಸಿ, ಬೀಜ, ಕಲ್ಲು ಇಟ್ಟು ಲೆಕ್ಕ ಹಾಕಿಸುವ ವಿಧಾನವನ್ನು ಬೆಳೆಸಿತು. ಅದೇ ಬುದ್ಧಿಯನ್ನು ನಾನು ಫ್ಯಾಕ್ಟರಿಯಲ್ಲಿ ಬಳಸುತ್ತೇನೆ. ನೆಲದ ಮೇಲೆ ಚಾಕ್‌ಪೀಸ್‌ನಲ್ಲಿ ಇಡೀ ಲೈನ್ ಬರೆದು, ಪೀಸ್ ಎಲ್ಲೆಲ್ಲಿ ನಿಲ್ಲುತ್ತದೋ ಅಲ್ಲಿ ಹುಣಸೆ ಬೀಜ ಇಡಿ ಅನ್ನಿ. ಐದು ನಿಮಿಷದಲ್ಲಿ ಐ.ಇ. ಹುಡುಗನ ಲ್ಯಾಪ್‌ಟಾಪ್‌ಗಿಂತ ಚೆನ್ನಾಗಿ ಕಾಣುತ್ತದೆ.

ಮತ ಹಾಕುವುದಕ್ಕೆ ಸ್ಟಿಕರ್ ಬೊಟ್ಟು ತರಿಸಿ. ಅಗ್ಗಕ್ಕೇ ಸಿಗುತ್ತೆ. ಒಬ್ಬರಿಗೆ ಐದು ಬೊಟ್ಟು, ಯಾವ ಸಮಸ್ಯೆ ಮೊದಲು ಬಗೆಹರಿಯಬೇಕೋ ಅದರ ಮೇಲೆ ಅಂಟಿಸಲಿ. ಒಂದು ಎಚ್ಚರಿಕೆ: ಸೂಪರ್‌ವೈಸರ್ ಎಲ್ಲಿ ಅಂಟಿಸುತ್ತಾರೆ ಅಂತ ಎಲ್ಲರ ಕಣ್ಣೂ ಅಲ್ಲೇ ಇರುತ್ತದೆ. ಅದಕ್ಕೆ ಅವರು ಕೊನೆಗೆ ಅಂಟಿಸಲಿ. ಚಾರ್ಟನ್ನು ಗೋಡೆ ಕಡೆ ತಿರುಗಿಸಿಟ್ಟು, ಒಬ್ಬೊಬ್ಬರೇ ಹಿಂದೆ ಹೋಗಿ ಅಂಟಿಸಿ ಬಂದರೆ ಇನ್ನೂ ಒಳ್ಳೆಯದು.

ಮಧ್ಯಾಹ್ನ ಊಟ ಆದ ಮೇಲೆ, ಮತ ಜಾಸ್ತಿ ಬಿದ್ದ ಮೂರು ನಾಲ್ಕು ವಿಷಯಕ್ಕೆ ಸಣ್ಣ ಗುಂಪು ಮಾಡಿ. ಇಲ್ಲಿ ಒಂದು ಪ್ರಶ್ನೆ ತುಂಬಾ ಕೆಲಸ ಮಾಡುತ್ತದೆ. ಹ್ಯಾಂಗರ್ ಕಡೆಗೆ ನಮ್ಮನ್ನು ತಳ್ಳುತ್ತಿರುವುದು ಏನೇನು, ಹಿಂದಕ್ಕೆ ಎಳೆಯುತ್ತಿರುವುದು ಏನೇನು? ಎರಡು ಕಾಲಂ. ಈ ವಿಧಾನ ಕರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞರದ್ದು. ಹಾರ್ವುಡ್ ಫ್ಯಾಕ್ಟರಿಯಲ್ಲಿ ಮೊದಲು ಕೆಲಸ ಮಾಡಿದವರೂ ಅವರೇ. ಅವರ ಮಾತಿನ ಸಾರ ಇಷ್ಟು: ತಳ್ಳುವುದನ್ನು ಜಾಸ್ತಿ ಮಾಡಿದರೆ ಎದುರು ಎಳೆತವೂ ಜಾಸ್ತಿ ಆಗುತ್ತದೆ, ಎಳೆಯುತ್ತಿರುವುದನ್ನು ಸಡಿಲ ಮಾಡಿ. ಚಕ್ಕಡಿ ಹೂತಾಗ ಎತ್ತಿಗೆ ಬಾರುಕೋಲಿನಲ್ಲಿ ಹೊಡೆಯುತ್ತೀರೋ, ಗಾಲಿ ಮುಂದಿನ ಕಲ್ಲು ತೆಗೆಯುತ್ತೀರೋ? ನಿಮ್ಮಲ್ಲಿ ಇಲ್ಲಿಯವರೆಗೆ ಆಗಿರುವುದು ಟಾರ್ಗೆಟ್ ಏರಿಸುವುದು, ಮೀಟಿಂಗ್, ಬೈಗುಳ. ಎಲ್ಲ ಬಾರುಕೋಲೇ.

ಗುಂಪುಗಳು ಒಂದೊಂದು ಪ್ರಸ್ತಾಪ ಬರೆಯಲಿ. ಏನು ಮಾಡಬೇಕು, ಯಾರು ಮಾಡುತ್ತಾರೆ, ಯಾವಾಗಿನಿಂದ, ಖರ್ಚೆಷ್ಟು, ಸರಿಹೋಯಿತು ಅಂತ ಹೇಗೆ ಗೊತ್ತಾಗುತ್ತದೆ. 'ಸಂವಹನ ಸುಧಾರಿಸಬೇಕು' ಥರದ್ದು ಬಂದರೆ ವಾಪಸ್ ಕಳಿಸಿ. 'ಮಧ್ಯಾಹ್ನದ ಮುಂಚೆ ಒಂದು ಸಲ, ಆಮೇಲೆ ಒಂದು ಸಲ, ಬದಲಿ ಟೇಲರ್ ಪ್ರತಿ ಸೀಟಿಗೂ ಐದು ನಿಮಿಷ ಬರಬೇಕು' ಅಂದರೆ ಅದು ಪ್ರಸ್ತಾಪ.

ಎಂ.ಡಿ. ಬರುವ ಮುಂಚೆ ಇನ್ನೊಂದು ಅರ್ಧ ಗಂಟೆಯ ಆಟ ಇದೆ. ಗ್ಯಾರಿ ಕ್ಲೈನ್ ಎಂಬ ಸಂಶೋಧಕರು 2007ರಲ್ಲಿ ಇದರ ಬಗ್ಗೆ ಬರೆದು ಹೆಸರುವಾಸಿ ಮಾಡಿದರು. 'ಇದು ಕೆಟ್ಟುಹೋಗಬಹುದಾ?' ಅಂತ ಕೇಳಬೇಡಿ. 'ಮೂರು ತಿಂಗಳಾಯಿತು, ನೀವು ಹೇಳಿದ್ದು ಪೂರ್ತಿ ಕೆಟ್ಟುಹೋಗಿದೆ, ಏನಾಯಿತು ಹೇಳಿ' ಅನ್ನಿ. ದೊಡ್ಡವರ ಮುಂದೆ 'ಇದು ಆಗಲ್ಲ' ಅನ್ನಲು ನಮ್ಮ ಜನಕ್ಕೆ ಬಾಯಿ ಬರಲ್ಲ. ಆದರೆ ನಡೆದುಹೋದ ಕಥೆ ಹೇಳಿ ಅಂದರೆ ಎಷ್ಟು ಬೇಕಾದರೂ ಹೇಳುತ್ತಾರೆ. ಒಮ್ಮೆ ಒಬ್ಬ ಹೆಲ್ಪರ್ ಹುಡುಗಿ ಹೇಳಿದಳು: "ಬದಲಿ ಟೇಲರ್ ಮೊದಲ ವಾರ ಬಂದರು. ಎರಡನೇ ವಾರ ಆಬ್ಸೆಂಟ್ ಜಾಸ್ತಿ ಆಯ್ತು, ಅವರನ್ನೇ ಖಾಲಿ ಮೆಷಿನ್‌ಗೆ ಕೂರಿಸಿದರು." ಇಡೀ ರೂಮ್ ನಕ್ಕಿತು. ಎಲ್ಲರಿಗೂ ಗೊತ್ತಿದ್ದ ಸತ್ಯ ಅದು. ಪ್ರಸ್ತಾಪದಲ್ಲಿ ಆಗಲೇ ಒಂದು ಸಾಲು ಸೇರಿತು.

ಈಗ ಮೂರೂವರೆ. ಎಂ.ಡಿ. ಒಳಗೆ ಬರುತ್ತಾರೆ. ಇಡೀ ವರ್ಕ್‌ಶಾಪ್ ನಿಂತಿರುವುದು ಈ ಒಂದು ಗಂಟೆಯ ಮೇಲೆ.

ಇದಕ್ಕೆ ಮಾದರಿ ಜನರಲ್ ಎಲೆಕ್ಟ್ರಿಕ್ ಕಂಪನಿಯದ್ದು. ಜ್ಯಾಕ್ ವೆಲ್ಚ್ ಅದರ ಮುಖ್ಯಸ್ಥರಾಗಿದ್ದಾಗ, 1980ರ ದಶಕದ ಕೊನೆಯಲ್ಲಿ 'ವರ್ಕ್-ಔಟ್' ಅಂತ ಶುರು ಮಾಡಿದರು. ಮೂರು ದಿನ ಕೆಲಸಗಾರರು ಸೇರಿ ಯೋಚಿಸಬೇಕು. ಬಾಸ್ ಮೊದಲು ನಾಲ್ಕು ಮಾತಾಡಿ ಹೊರಗೆ ಹೋಗಬೇಕು, ಕೊನೆಯ ದಿನ ವಾಪಸ್ ಬರಬೇಕು. ಪ್ರತಿ ಪ್ರಸ್ತಾಪಕ್ಕೂ ಅಲ್ಲೇ ಉತ್ತರ. ಹೂಂ, ಊಹೂಂ, ಅಥವಾ ಇನ್ನಷ್ಟು ವಿವರ ತನ್ನಿ, ಇಂಥ ತಾರೀಖಿಗೆ ಹೇಳುತ್ತೇನೆ. ಈ ಮೂರು ಬಿಟ್ಟರೆ ನಾಲ್ಕನೆಯದಿಲ್ಲ. 'ನೋಡೋಣ' ಅನ್ನುವ ನಮ್ಮ ಅಚ್ಚುಮೆಚ್ಚಿನ ಪದಕ್ಕೆ ಅಲ್ಲಿ ಜಾಗವೇ ಇಲ್ಲ.

ಮ್ಯಾಸಚೂಸೆಟ್ಸ್‌ನ ಲಿನ್ ಊರಿನಲ್ಲಿ ಅವರದ್ದು ವಿಮಾನದ ಎಂಜಿನ್ ಕಾರ್ಖಾನೆ. ಅಲ್ಲಿಯ ಒಬ್ಬ ಮ್ಯಾನೇಜರ್ ಮುಂದೆ ಕೆಲಸಗಾರರು 108 ಪ್ರಸ್ತಾಪ ಇಟ್ಟರು. ಒಂದಕ್ಕೆ ಒಂದು ನಿಮಿಷದಷ್ಟು ಸಮಯ. ಅವರ ಮೇಲಿನ ಬಾಸ್ ಕೂಡ ರೂಮಿನಲ್ಲೇ ಕೂತಿದ್ದರು. ಆದರೆ ಕೆಲಸಗಾರರು ಕುರ್ಚಿಗಳನ್ನು ಬೇಕಂತಲೇ ಹೇಗೆ ಹಾಕಿದ್ದರು ಅಂದರೆ ಮ್ಯಾನೇಜರ್ ಬೆನ್ನು ಬಾಸ್ ಕಡೆಗೆ. 'ಹೂಂ ಅನ್ನಲಾ' ಅಂತ ಕಣ್ಣಲ್ಲಿ ಕೇಳಬೇಕಾದರೆ ಎಲ್ಲರೆದುರು ಕತ್ತು ತಿರುಗಿಸಬೇಕು. ಅರ್ಧ ಗಂಟೆಯಲ್ಲಿ ಅವರು ಬೆವತು ತೊಪ್ಪೆಯಾದರಂತೆ. ಕೊನೆಗೆ ಎಂಟನ್ನು ಬಿಟ್ಟು ಉಳಿದ ಎಲ್ಲಕ್ಕೂ ಒಪ್ಪಿದರು. ಅದರಲ್ಲಿ ಒಂದು, ಗ್ರೈಂಡಿಂಗ್ ಮೆಷಿನ್‌ಗಳ ರಕ್ಷಣೆಯ ತಗಡನ್ನು ಹೊರಗಿನವರಿಂದ ಮಾಡಿಸದೆ ನಾವೇ ಮಾಡುತ್ತೇವೆ ಅನ್ನುವುದು. ಹೊರಗಿನವರು ಕೇಳಿದ್ದು 96,000 ಡಾಲರ್. ಇವರು 16,000 ಡಾಲರಿಗೆ ಮಾಡಿದರು.

ನಿಮ್ಮ ಎಂ.ಡಿ.ಗೆ ಇದನ್ನು ಮೊದಲೇ ಹೇಳಿ ಒಪ್ಪಿಸಿ. ಊಹೂಂ ಅನ್ನುವುದರಲ್ಲಿ ತಪ್ಪಿಲ್ಲ, ಆದರೆ ಕಾರಣ ಎರಡು ವಾಕ್ಯದಲ್ಲಿ ಹೇಳಲಿ. ಜನ ಅದನ್ನು ಸಹಿಸುತ್ತಾರೆ. ಸಹಿಸದೇ ಇರುವುದು 'ಮ್ಯಾನೇಜ್‌ಮೆಂಟ್ ಪರಿಶೀಲಿಸುತ್ತದೆ' ಅನ್ನುವ ಮಾತನ್ನು. ಮತ್ತೆ, ಒಪ್ಪಿದ್ದರಲ್ಲಿ ಒಂದಾದರೂ ಮರುದಿನ ಬೆಳಿಗ್ಗೆ ಜನ ಕೆಲಸಕ್ಕೆ ಬರುವ ಮುಂಚೆ ಆಗಿರಬೇಕು. ಸಣ್ಣದೇ ಇರಲಿ. ಸ್ಕ್ರೀನ್ ತಿರುಗಿಸುವುದು, ಹುಕ್ ಅರ್ಧ ಅಡಿ ಕೆಳಗೆ ಇಳಿಸುವುದು. ಮೆಕ್ಯಾನಿಕ್ ರಾತ್ರಿಯೇ ನಿಂತು ಮಾಡಲಿ, ಓವರ್‌ಟೈಮ್ ಕೊಡಿ.

ಆಮೇಲಿನದ್ದು ಬೋರ್ ಹೊಡೆಸುವ ಕೆಲಸ, ಬೇಗ ಹೇಳಿ ಮುಗಿಸುತ್ತೇನೆ. ಎರಡು ಲೈನ್‌ನಲ್ಲಿ ಮೊದಲು ಒಂದರಲ್ಲೇ ಮಾಡಿ ನೋಡಿ. ಲೈನ್ ಪಕ್ಕದಲ್ಲಿ ಒಂದು ಬೋರ್ಡ್: ಒಪ್ಪಿದ್ದು ಏನು, ಯಾರ ಹೆಸರಿನಲ್ಲಿದೆ, ಎಲ್ಲಿಗೆ ಬಂತು. ವಾರಕ್ಕೆ ಒಮ್ಮೆ ವರ್ಕ್‌ಶಾಪ್‌ಗೆ ಬಂದಿದ್ದ ಅದೇ ಜನ ಬೋರ್ಡ್ ಮುಂದೆ ಹದಿನೈದು ನಿಮಿಷ ನಿಲ್ಲಲಿ. ಜಪಾನಿನಲ್ಲಿ 1962ರಿಂದ ಬೆಳೆದ ಕ್ವಾಲಿಟಿ ಸರ್ಕಲ್‌ಗಳ (ತಮ್ಮ ಕೆಲಸದ ಸಮಸ್ಯೆಗಳನ್ನು ತಾವೇ ಬಗೆಹರಿಸುವ ಕೆಲಸಗಾರರ ಸಣ್ಣ ಗುಂಪುಗಳ) ಜೀವಾಳ ಇಂಥ ಸಣ್ಣ, ತಪ್ಪದೇ ನಡೆಯುವ ಕೂಟವೇ. ನಮ್ಮ ದೇಶದಲ್ಲೂ 1980ರ ದಶಕದ ಆರಂಭದಲ್ಲಿ ಹೈದರಾಬಾದ್‌ನ ಬಿ.ಎಚ್.ಇ.ಎಲ್.ನಿಂದ ಶುರುವಾಗಿ ತುಂಬಾ ಕಡೆ ಹಬ್ಬಿತು. ಕೆಲವು ಕಡೆ ಈಗ ಅದು ವರ್ಷಕ್ಕೊಮ್ಮೆ ಸ್ಪರ್ಧೆಗೆ ಪಿಪಿಟಿ ಮಾಡುವ ಕೆಲಸವಾಗಿದೆ ಅನ್ನುವುದು ಬೇರೆ ಮಾತು.

ಒಂದು ಮಾತನ್ನು ಮೊದಲೇ ಹೇಳಬೇಕಿತ್ತು, ಈಗ ನೆನಪಾಯಿತು. ವರ್ಕ್‌ಶಾಪ್ ತಾರೀಖು ಗೊತ್ತು ಮಾಡುವ ಮುಂಚೆ ಆ ಎರಡು ಲೈನ್‌ನವರ ಸಂಬಳದ ಚೀಟಿ ತೆಗೆಸಿ. ಹ್ಯಾಂಗರ್ ಬರುವ ಮುಂಚಿನ ಮೂರು ತಿಂಗಳು, ಬಂದ ಮೇಲಿನ ನಾಲ್ಕು ತಿಂಗಳು. ಇನ್ಸೆಂಟಿವ್ ಕಾಲಂ ಮಾತ್ರ ನೋಡಿ. ಹೊಸ ಮೆಷಿನ್ ಕಲಿಯುವಾಗ ಪೀಸ್ ಕಡಿಮೆ ಆಗುತ್ತದೆ, ಪೀಸ್ ಕಡಿಮೆ ಆದರೆ ಇನ್ಸೆಂಟಿವ್ ಹೋಗುತ್ತದೆ. ತಿಂಗಳಿಗೆ ಕೆಲವೇ ನೂರು ರೂಪಾಯಿ ಇರಬಹುದು, ಆದರೆ ಅದು ಮಗುವಿನ ಟ್ಯೂಷನ್ ಫೀಸ್ ಆಗಿರಬಹುದು. ಹಾಗೇನಾದರೂ ಆಗಿದ್ದರೆ ಚೀಟಿ, ಬೊಟ್ಟು, ಹುಣಸೆ ಬೀಜ ಯಾವುದೂ ಬೇಡ. ಕಲಿಯುವ ಅವಧಿಗೆ ಹಳೇ ಸರಾಸರಿ ಇನ್ಸೆಂಟಿವ್ ಕೊಡುತ್ತೇವೆ ಅಂತ ನೋಟಿಸ್ ಹಾಕಿಸಿ, ಕಳೆದ ನಾಲ್ಕು ತಿಂಗಳ ಬಾಕಿಯನ್ನೂ ಸೇರಿಸಿ. ಎರಡು ವಾರ ಕಾಯಿರಿ. ಕಟ್ಟು ಕಟ್ಟುವುದು ನಿಂತರೆ ಸರಿ. ನಿಲ್ಲದಿದ್ದರೆ ಆಗ ಎಂ.ಡಿ. ರೂಮಿಗೆ ಆ ಹಾಳೆ ತೆಗೆದುಕೊಂಡು ಹೋಗಿ, ಮಧ್ಯೆ ಗೆರೆ ಎಳೆದದ್ದು.